ಬರದ ಬೇಸಿಗೆಗೆ ಬಂಡೀಪುರ ಹೇಗೆ ಸಜ್ಜಾಗಬೇಕು: ಬೋರ್‌ವೆಲ್ ನೀರೋ, ತರಗು ಬೆಂಕಿಯೋ, ಆನೆದಾರಿಯೋ?

ಮೂಡಣಕಾಡು

2016ರಲ್ಲಿ ಬರ. 2018, 2019ರಲ್ಲಿ ನೆರೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ. ಮರುವರ್ಷ ಜುಲೈನಲ್ಲಿ ಪಕ್ಕದ ವಯನಾಡಿನಲ್ಲಿ ಭೂಕುಸಿತ. ನಮ್ಮ ಕಾಡುಗಳು ಇನ್ನು ಈ ಏರಿಳಿತದಲ್ಲೇ ಬದುಕಬೇಕು. ಕಾಡು ಇಂಗಾಲ ಹೀರುತ್ತೆ ಅನ್ನೋ ಚರ್ಚೆ ಬೇಕಾದಷ್ಟು ಆಗಿದೆ. ನಾಗರಹೊಳೆ, ಬಂಡೀಪುರ, ಬಿಳಿಗಿರಿರಂಗನಬೆಟ್ಟ ಈ ಮೂರು ಹುಲಿ ಸಂರಕ್ಷಿತ ಪ್ರದೇಶಗಳು ಬದಲಾಗುತ್ತಿರುವ ಹವಾಮಾನಕ್ಕೆ ಹೊಂದಿಕೊಳ್ಳಲು ನಾವು ಏನು ಮಾಡಬೇಕು, ಏನು ಮಾಡಬಾರದು ಅನ್ನೋದನ್ನು ಇಲ್ಲಿ ಮಾತಾಡೋಣ.

ಪ್ರತಿ ಬೇಸಿಗೆಯಲ್ಲೂ ಸುದ್ದಿಯಾಗುವುದು ಕಾಡಿನ ಕೆರೆಗಳಿಗೆ ಸೋಲಾರ್ ಪಂಪಿನಿಂದ ಬೋರ್‌ವೆಲ್ ನೀರು ತುಂಬಿಸುವ ಕೆಲಸ. ಇದು ತಪ್ಪು ಮದ್ದು ಅನ್ನೋದು ನನ್ನ ವಾದ. ಲೆಕ್ಕ ನೋಡಿ. ಒಂದು ಎಕರೆ ನೀರಿನ ಹರವು ಅಂದರೆ ಸುಮಾರು 4,000 ಚದರ ಮೀಟರ್. ಏಪ್ರಿಲ್ ಬಿಸಿಲಿಗೆ ದಿನಕ್ಕೆ 6 ಮಿ.ಮೀ. ಆವಿಯಾಗುತ್ತೆ ಎಂದು ಹಿಡಿದರೂ 24,000 ಲೀಟರ್ ಗಾಳಿಗೆ ಹೋಯಿತು. ಗಂಟೆಗೆ 4,000 ಲೀಟರ್ ಎತ್ತುವ ಪಂಪು ಚೆನ್ನಾಗಿ ಬಿಸಿಲಿರುವ 6 ಗಂಟೆ ಓಡಿದರೆ ಸಿಗುವುದೂ ಅದೇ 24,000. ತಳದಲ್ಲಿ ಇಂಗುವುದು, ಪ್ರಾಣಿ ಕುಡಿಯುವುದು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಆಳದ ನೀರನ್ನು ಮೇಲೆ ತಂದು ಬಿಸಿಲಿಗೆ ಕೊಟ್ಟಂತಾಯಿತು, ಅಷ್ಟೇ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಬೇಸಿಗೆಯಲ್ಲಿ ನೀರು ಬತ್ತುವುದೇ ಪ್ರಾಣಿಗಳನ್ನು ಸರಿಸುವ ಶಕ್ತಿ. ಕಬಿನಿ ಜಲಾಶಯ ಇಳಿದು ದಡದಲ್ಲಿ ಹೊಸ ಹುಲ್ಲು ಚಿಗುರಿದಾಗ ಸುತ್ತಲಿನ ಆನೆಗಳು ಅಲ್ಲಿಗೆ ಬರುತ್ತವೆ, ಮಳೆ ಬಿದ್ದ ಮೇಲೆ ಚದುರುತ್ತವೆ. ಎರಡು-ಮೂರು ಕಿಲೋಮೀಟರಿಗೊಂದು ನೀರು ಇಟ್ಟರೆ ಜಿಂಕೆ, ಕಾಟಿ ಅಲ್ಲೇ ನಿಲ್ಲುತ್ತವೆ. ಆ ಸುತ್ತಿನ ಹುಲ್ಲಿಗೆ ವರ್ಷವಿಡೀ ಬಿಡುವು ಸಿಗುವುದಿಲ್ಲ. ಏಪ್ರಿಲ್ ಕೊನೆಯಲ್ಲಿ ಪಂಪು ಕೆಟ್ಟಿತು ಅನ್ನಿ, ಅಲ್ಲಿ ನೀರೂ ಇಲ್ಲ, ಮೇವೂ ಇಲ್ಲ.

ಕಬಿನಿಸೆರಗು

ಮೂಡಣಕಾಡು ಸರ್, ಲೆಕ್ಕ ಸರಿ, ತೀರ್ಮಾನ ಸರಿಯಿಲ್ಲ. ಒಂದು ಎಕರೆ ಕೆರೆಯನ್ನು ಬೋರ್‌ವೆಲ್‌ನಿಂದ ತುಂಬಿಸುವುದು ದಡ್ಡತನ, ಒಪ್ಪಿದೆ. ಹಾಗಂತ ನೀರೇ ಕೊಡಬಾರದು ಅನ್ನೋದು ಬೇರೆ ಮಾತು. 2023-24ರಂಥ ವರ್ಷದಲ್ಲಿ ಒಳಗೆ ನೀರಿಲ್ಲದಿದ್ದರೆ ಆನೆ ಎಲ್ಲಿಗೆ ಹೋಗುತ್ತೆ? ಕಾಡಂಚಿನ ಊರಿನ ಕೆರೆಗೆ, ಅಲ್ಲಿಂದ ಬಾಳೆ ತೋಟಕ್ಕೆ.

ಮಾಡುವ ಕ್ರಮ ಬದಲಿಸಬೇಕು. ಕೆರೆ ಬಿಡಿ, 10 ಮೀಟರ್ ಉದ್ದ 10 ಮೀಟರ್ ಅಗಲದ ತಟ್ಟೆಗುಂಡಿ ಸಾಕು. 100 ಚದರ ಮೀಟರಿಗೆ ದಿನದ ಆವಿ 600 ಲೀಟರ್. ದೊಡ್ಡ ಆನೆಗೆ ದಿನಕ್ಕೆ 150 ಲೀಟರ್ ಹಿಡಿದರೆ 30 ಆನೆಗೆ 4,500. ಎರಡೂ ಸೇರಿ 5,100 ಲೀಟರ್, ನಿಮ್ಮದೇ ಪಂಪು ಒಂದೂಕಾಲು ಗಂಟೆ ಓಡಿದರೆ ಮುಗಿಯಿತು. ಆಳ ಮುಕ್ಕಾಲು ಮೀಟರ್ ದಾಟಬಾರದು. ಅಂಚು ಒಂದಕ್ಕೆ ಐದರಂತೆ ಇಳಿಜಾರಿರಬೇಕು, ಇಲ್ಲದಿದ್ದರೆ ಆನೆಮರಿ ಒಳಗೆ ಬಿದ್ದು ಹತ್ತಲಾಗದೆ ಒದ್ದಾಡುತ್ತೆ. ತಳಕ್ಕೆ ನುಣುಪು ಸಿಮೆಂಟು ಬೇಡ, ಒರಟು ಕಲ್ಲುಹಾಸು ಇರಲಿ. ಪೈಪಿನ ಬಾಯಿಗೆ ಫ್ಲೋಟ್ ವಾಲ್ವ್ ಹಾಕಿ, ತುಂಬಿದ ಮೇಲೆ ನೀರು ನಿಲ್ಲಲಿ. ಪ್ಯಾನೆಲ್ ನೆಲಮಟ್ಟದಲ್ಲಿದ್ದರೆ ಆನೆ ಒಂದೇ ರಾತ್ರಿಯಲ್ಲಿ ಕಿತ್ತುಹಾಕುತ್ತೆ. ಸೊಂಡಿಲಿಗೆ ಎಟುಕದಷ್ಟು ಎತ್ತರದ ಕಂಬದ ಮೇಲಿಟ್ಟು, ಕೇಬಲ್ಲನ್ನು ಕಬ್ಬಿಣದ ಪೈಪಿನಲ್ಲಿ ಹೂಳಬೇಕು.

ಜೂನ್‌ನಿಂದ ಜನವರಿವರೆಗೆ ಬೀಗ. ಒಳ್ಳೆ ಮಳೆಯಾದ ವರ್ಷ ಫೆಬ್ರವರಿಯಲ್ಲೂ ತೆರೆಯುವುದು ಬೇಡ. ಬಹಳ ಮುಖ್ಯವಾದದ್ದು, ಊರಂಚಿನಿಂದ ಎರಡು ಕಿಲೋಮೀಟರ್‌ವರೆಗೆ ಒಂದೂ ಗುಂಡಿ ಇರಬಾರದು. ಈಗ ಎಷ್ಟೋ ಕಡೆ ಜೀಪು ಹೋಗುವ ದಾರಿ ಪಕ್ಕ, ಅಂಚಿನ ಹತ್ತಿರವೇ ಮಾಡುತ್ತಾರೆ, ಡೀಸೆಲ್ಲೂ ಉಳಿಯುತ್ತೆ, ಪ್ರವಾಸಿಗರಿಗೂ ಕಾಣುತ್ತೆ. ಅದು ಪ್ರಾಣಿಗಳನ್ನು ಕರೆದು ಊರಿನ ಬಾಗಿಲಲ್ಲಿ ನಿಲ್ಲಿಸಿದ ಹಾಗೆ.

ಮೂಡಣಕಾಡು

ತಟ್ಟೆಗುಂಡಿ, ಬೀಗ, ಎರಡು ಕಿಲೋಮೀಟರ್ ನಿಯಮ ಮೂರನ್ನೂ ಒಪ್ಪುತ್ತೇನೆ. ಆದರೆ ಒಂದು ಸಲ ಮಾಡಿದ್ದನ್ನು ಮುಚ್ಚಲು ಯಾರೂ ಮುಂದೆ ಬರುವುದಿಲ್ಲ. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ದಶಕಗಳ ಕಾಲ ಬೋರ್‌ವೆಲ್ ಕೊರೆದು ನೀರುಗುಂಡಿ ಮಾಡಿದರು. ಉತ್ತರ ಭಾಗದ ಒಣ ಹುಲ್ಲುಗಾವಲಿಗೆ ಜೀಬ್ರಾಗಳು ಬಂದು ನೆಲೆಸಿದವು, ಅವುಗಳ ಹಿಂದೆ ಸಿಂಹ ಬಂತು, ಮೊದಲೇ ಕಡಿಮೆ ಇದ್ದ ರೋನ್ ಜಿಂಕೆಗಳು ಕುಸಿದವು. ಕೊನೆಗೆ 1990ರ ದಶಕದ ನಡುವಿನಿಂದ ಬಹಳಷ್ಟು ಗುಂಡಿಗಳನ್ನು ಅವರೇ ಮುಚ್ಚಬೇಕಾಯಿತು. ಬರಕ್ಕೆ ಅಂತ ಕೊಟ್ಟ ನೀರು ಯಾವ ಪ್ರಾಣಿ ಎಲ್ಲಿರಬೇಕು ಅನ್ನುವುದನ್ನೇ ಬದಲಿಸಿಬಿಡುತ್ತೆ.

ತರಗೆಲೆ

ನೀರಿನ ವಿಷಯದಲ್ಲೇ ಇಬ್ಬರೂ ನಿಂತುಬಿಟ್ಟಿರಿ. ಒಣ ವರ್ಷದಲ್ಲಿ ಈ ಕಾಡುಗಳಿಗೆ ಬರುವ ದೊಡ್ಡ ಹೊಡೆತ ಬಾಯಾರಿಕೆಯದ್ದಲ್ಲ, ಬೆಂಕಿಯದ್ದು. ಆ ಬೆಂಕಿಯ ಉರುವಲು ಹೊರಗಿನಿಂದ ಬಂದು ಕಾಡಿಗೆಲ್ಲ ಹರಡಿದ ಲಂಟಾನ ಪೊದೆ.

2019ರ ಫೆಬ್ರವರಿಯಲ್ಲಿ ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ಸುತ್ತ ನಾಲ್ಕು ಸಾವಿರ ಹೆಕ್ಟೇರಿಗೂ ಹೆಚ್ಚು ಸುಟ್ಟಿತು. ಎಲೆಯುದುರುವ ಕಾಡಿಗೆ ಬೆಂಕಿ ಹೊಸದಲ್ಲ. ಮತ್ತಿ, ಹೊನ್ನೆಯಂಥ ಮರಗಳು ದಪ್ಪ ತೊಗಟೆಯಿಂದಾಗಿ ನೆಲದ ಮೇಲೆ ಹರಿದು ಹೋಗುವ ಬೆಂಕಿಯನ್ನು ತಾಳಿಕೊಳ್ಳುತ್ತವೆ. ಬಂಡೀಪುರದ ಪಕ್ಕದ, ತಮಿಳುನಾಡಿನ ಮುದುಮಲೈನಲ್ಲಿ 1988ರಿಂದ ಭಾರತೀಯ ವಿಜ್ಞಾನ ಸಂಸ್ಥೆಯವರು 50 ಹೆಕ್ಟೇರ್ ಜಾಗದಲ್ಲಿ ಮರ ಮರವನ್ನೂ ಎಣಿಸುತ್ತಿದ್ದಾರೆ. ಅಲ್ಲಿ ಕಂಡದ್ದೂ ಅದೇ, ಬೆಂಕಿಗೆ ಸಾಯುವುದು ಹೆಚ್ಚಾಗಿ ಸಣ್ಣ ಕಾಂಡದವು. ಆದರೆ ಎರಡಾಳೆತ್ತರದ ಲಂಟಾನ ಪೊದೆ ಮರದ ಬುಡದಲ್ಲಿದ್ದರೆ ಕಥೆ ಬೇರೆ. ಅರ್ಧ ಹಸಿಯಿದ್ದರೂ ಅದು ಉರಿಯುತ್ತೆ, ಉರಿಯನ್ನು ಮರದ ತಲೆಗೆ ಏರಿಸುತ್ತೆ. ಸುಟ್ಟ ಮೇಲೆ ಬೆಳಕು ಬಿದ್ದ ಜಾಗದಲ್ಲಿ ಮೊದಲು ಚಿಗುರುವುದೂ ಅದರ ಬುಡವೇ. ಮುಂದಿನ ಬೆಂಕಿಗೆ ಮತ್ತಷ್ಟು ಉರುವಲು ಸಿದ್ಧ.

ಬಿಳಿಗಿರಿರಂಗನಬೆಟ್ಟದಲ್ಲಿ ಅಳತೆ ಮಾಡಿದ ತುಣುಕುಗಳ ಪೈಕಿ 1997ರಲ್ಲಿ ಶೇ 41ರಲ್ಲಿ ಲಂಟಾನ ಇತ್ತು, 2008ರ ಹೊತ್ತಿಗೆ ಶೇ 81ರಲ್ಲಿ. 1974ರಲ್ಲಿ ಅಭಯಾರಣ್ಯ ಆದ ಮೇಲೆ ಅಲ್ಲಿನ ಆದಿವಾಸಿಗಳಾದ ಸೋಲಿಗರು ತರಗೆಲೆಗೆ ಹಚ್ಚುತ್ತಿದ್ದ ತಣ್ಣನೆ ಬೆಂಕಿ, ಅಂದರೆ ತರಗು ಬೆಂಕಿ, ನಿಂತಿತು. ಎರಡಕ್ಕೂ ನೇರ ಸಂಬಂಧ ಇದೆ ಅಂತ ಸೋಲಿಗ ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಹಳೆ ಪದ್ಧತಿ ಮತ್ತೆ ತರದೆ ಈ ಕಾಡುಗಳನ್ನು ಬಿಸಿ ವರ್ಷಗಳಿಗೆ ಸಜ್ಜು ಮಾಡಲು ಆಗುವುದಿಲ್ಲ.

ಬೆಂಕಿರೇಖೆ

ತರಗೆಲೆಯವರೇ, ಈ ಮಾತು ಕೇಳಲು ಚೆನ್ನ, ನೆಲದ ಮೇಲೆ ಅಪಾಯ. ತರಗು ಬೆಂಕಿ ನಡೆಯುತ್ತಿದ್ದ ಕಾಲದಲ್ಲಿ ನೆಲದ ಮೇಲಿದ್ದದ್ದು ತರಗೆಲೆ ಮತ್ತು ಹುಲ್ಲು. ಇವತ್ತು ಇರುವುದು ಲಂಟಾನ, ಯುಪಟೋರಿಯಂ ಕಳೆ, ಜೊತೆಗೆ ಹೂಬಿಟ್ಟು ಸತ್ತ ಹೆಬ್ಬಿದಿರಿನ ಮೆಳೆಗಳ ಉಳಿಕೆ. ಒಣ ಬಿದಿರಿನ ಗಣ್ಣು ಸಿಡಿದರೆ ಕೆಂಡ ಬೆಂಕಿ ರೇಖೆಯನ್ನು (ಬೆಂಕಿ ಹರಡದಂತೆ ಮೊದಲೇ ತೆರವು ಮಾಡಿಟ್ಟ ಪಟ್ಟಿಯನ್ನು) ದಾಟಿ ಹಾರುತ್ತೆ. ಇದರ ಮೇಲೆ 1970ರ ಮುಂಚಿನ ಪದ್ಧತಿಯನ್ನು ಹಾಗೇ ತಂದಿಟ್ಟರೆ 2019 ಮರುಕಳಿಸುತ್ತೆ. ಜೊತೆಗೆ ವನ್ಯಜೀವಿ ಕಾಯ್ದೆಯ 30ನೇ ಸೆಕ್ಷನ್ ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದನ್ನೇ ನಿಷೇಧಿಸಿದೆ.

ಬೆಂಕಿ ರೇಖೆ ಕೆಲಸವನ್ನೇ ಸರಿಯಾಗಿ ಮಾಡಿದರೆ ಬಹುಪಾಲು ತಡೆಯಬಹುದು. ಎಲ್ಲಿ ಎಡವುತ್ತೇವೆ ಹೇಳುತ್ತೇನೆ.

ಒಂದು, ಹೊತ್ತು. ಡಿಸೆಂಬರಿನಲ್ಲಿ ರೇಖೆಯ ಎರಡೂ ಅಂಚಿನ ಹುಲ್ಲು-ಗಿಡ ಕೊಯ್ದು ನಡುವೆ ಹಾಕಿ ಒಣಗಿಸಿ, ಜನವರಿ ಮುಗಿಯುವ ಮುಂಚೆ ಸುಟ್ಟು ಮುಗಿಸಬೇಕು. ಬೆಳಗಿನ ಇಬ್ಬನಿ ಇನ್ನೂ ಪೂರ್ತಿ ಆರಿರಬಾರದು, ಗಾಳಿ ಏಳುವ ಮುಂಚೆ ಕೆಲಸ ಮುಗಿದಿರಬೇಕು. ದುಡ್ಡು ಬರುವುದು ತಡವಾಗಿ ಫೆಬ್ರವರಿಯಲ್ಲಿ ಸುಡಲು ಹೊರಟರೆ ಆ ರೇಖೆಯೇ ಕಾಡ್ಗಿಚ್ಚಿನ ಮೂಲ ಆಗುತ್ತೆ.

ಇನ್ನೊಂದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ: ಒಣಗಿ ನಿಂತ ಮರ. ರೇಖೆಯಿಂದ ಹದಿನೈದು ಮೀಟರ್ ಒಳಗೆ ಪೊಳ್ಳು ಮರ ಇದ್ದರೆ ಬೆಂಕಿ ಬುಡದಿಂದ ಒಳಗೆ ಹೊಕ್ಕು ಎರಡು-ಮೂರು ದಿನ ಹೊಗೆಯಾಡುತ್ತಾ ಇರುತ್ತೆ. ಎಲ್ಲರೂ ಆರಿತು ಅಂತ ಹೊರಟ ಮೇಲೆ ಅದು ರೇಖೆಗೆ ಅಡ್ಡ ಬೀಳುತ್ತೆ, ಆಚೆ ಬದಿ ಹತ್ತಿಕೊಳ್ಳುತ್ತೆ. ಬುಡದ ಸುತ್ತ ಎರಡು ಮೀಟರ್ ತರಗು ಕೆರೆದು ಮಣ್ಣು ಕಾಣಿಸಬೇಕು. ಸುಟ್ಟ ಮೂರನೇ ದಿನದವರೆಗೂ ವಾಚರ್ ಅಲ್ಲಿ ಸುತ್ತು ಹಾಕಬೇಕು.

ಉಪಗ್ರಹದ ಎಚ್ಚರಿಕೆಯನ್ನೇ ನಂಬಿ ಕೂರುವುದೂ ತಪ್ಪು. ಬೆಂಕಿ ಗುರುತಿಸುವ ಉಪಗ್ರಹದ ವಿಐಐಆರ್‌ಎಸ್ ಉಪಕರಣದ ಚಿತ್ರದಲ್ಲಿ ಒಂದು ಚುಕ್ಕೆ ಅಂದರೆ ನೆಲದ ಮೇಲೆ 375 ಮೀಟರ್, ಅದು ನಮ್ಮ ಮೇಲೆ ಹಾಯುವುದು ಮಧ್ಯಾಹ್ನ ಮತ್ತು ರಾತ್ರಿ ಒಂದೂವರೆಯ ಆಸುಪಾಸು. ಮಧ್ಯಾಹ್ನ ಮೂರಕ್ಕೆ ಹೊತ್ತಿದ ಬೆಂಕಿ ಅದರ ಕಣ್ಣಿಗೆ ಬೀಳುವುದು ನಡುರಾತ್ರಿ ಕಳೆದ ಮೇಲೆ. ಗುಡ್ಡದ ಮೇಲಿನ ಕಾವಲು ಗೋಪುರದಲ್ಲಿ ಒಬ್ಬ ಮನುಷ್ಯ, ಅವನ ಕೈಲಿ ವೈರ್‌ಲೆಸ್, ಇದಕ್ಕೆ ಬದಲಿ ಇಲ್ಲ.

ಬಿಳಿಗಿರಿ ಪೋಡು

ಬೆಂಕಿರೇಖೆ ಸರ್ ಹೇಳಿದ ಹೊತ್ತಿನ ವಿಚಾರ ಇದೆಯಲ್ಲ, ತರಗು ಬೆಂಕಿಯ ಗುಟ್ಟೂ ಅದೇ. ಬೇಸಿಗೆ ಶುರುವಿನಲ್ಲಿ, ನೆಲದಲ್ಲಿ ತೇವ ಇರುವಾಗಲೇ ತರಗಿಗೆ ಬೆಂಕಿ ಕೊಟ್ಟರೆ ಉರಿ ಮೊಣಕಾಲು ದಾಟುವುದಿಲ್ಲ. ತೇವ ಇರುವ ಹಳ್ಳದ ಬದಿಗೆ ಬಂದು ತಾನೇ ಆರುತ್ತೆ. ಎಲ್ಲ ಕಡೆ ಒಂದೇ ಸಲ ಅಲ್ಲ, ಒಂದು ಕಡೆ ಈ ವರ್ಷ, ಇನ್ನೊಂದು ಕಡೆ ಮುಂದಿನ ವರ್ಷ. ಆಗ ಕಾಡು ಸುಟ್ಟ ತುಂಡು, ಸುಡದ ತುಂಡು ಅಂತ ಬೆರಕೆಯಾಗಿರುತ್ತೆ, ಏಪ್ರಿಲಿನಲ್ಲಿ ಯಾರಾದರೂ ಬೀಡಿ ಎಸೆದರೂ ಬೆಂಕಿಗೆ ಓಡಲು ದಾರಿ ಸಿಗಲ್ಲ. ನೆಲ್ಲಿಮರದ ಬಂದಳಿಕೆ ಹತೋಟಿಯಲ್ಲಿ ಇದ್ದದ್ದೂ ಇದರಿಂದಲೇ ಅಂತ ಹಿರಿಯರ ಮಾತು.

ಕಾನೂನಿನ ಬಗ್ಗೆ: 2006ರ ಅರಣ್ಯ ಹಕ್ಕು ಕಾಯ್ದೆ ಸಮುದಾಯದ ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕನ್ನೂ ಕೊಡುತ್ತೆ, ಬರೀ ಜೇನು-ನೆಲ್ಲಿ ತರುವುದನ್ನಲ್ಲ. ಬಿಳಿಗಿರಿರಂಗನಬೆಟ್ಟ ಹುಲಿ ಸಂರಕ್ಷಿತ ಪ್ರದೇಶ ಆದ 2011ರಲ್ಲೇ ಅಲ್ಲಿನ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹಕ್ಕುಪತ್ರ ಇದೆ, ಬೆಂಕಿಯ ಯೋಜನೆ ಬರೆಯುವ ಮೇಜಿನ ಹತ್ತಿರ ಅವರಿಗೆ ಕುರ್ಚಿ ಇಲ್ಲ. ಯಾವ ಇಳಿಜಾರಿನಲ್ಲಿ ಯಾವ ವಾರ ತೇವ ಆರುತ್ತೆ ಅನ್ನೋದು ಅವರಿಗೆ ಗೊತ್ತು. ಹವಾಮಾನ ವರ್ಷದಿಂದ ವರ್ಷಕ್ಕೆ ಬದಲಾಗುವಾಗ ಬೇಕಾದದ್ದು ಇದೇ ತಿಳಿವಳಿಕೆ. ಕ್ಯಾಲೆಂಡರಿನ ತಾರೀಖು ನೋಡಿ ಮಾಡೋ ಕೆಲಸ ಅಲ್ಲ ಇದು.

ಬೆಂಕಿರೇಖೆ

ಕೊನೆಯ ಮಾತು ಒಪ್ಪಿದೆ. ಹಾಗಾದರೆ ಅನುಕ್ರಮ ಹೀಗಿರಲಿ: ಮೊದಲು ಲಂಟಾನ ತೆಗೆದು, ಹುಲ್ಲು ಬಂದ ಮೇಲೆ, ಆ ತುಂಡಿಗೆ ಮಾತ್ರ ತಣ್ಣನೆ ಬೆಂಕಿ. ಮುಖ್ಯ ವನ್ಯಜೀವಿ ಪಾಲಕರ ಒಪ್ಪಿಗೆಯಿಂದ, ನಿರ್ವಹಣಾ ಯೋಜನೆಯಲ್ಲಿ ಬರೆದು, ಗ್ರಾಮಸಭೆಯ ಜನರನ್ನೇ ಮುಂದಿಟ್ಟುಕೊಂಡು. ಲಂಟಾನ ನಿಂತಿರುವ ಕಡೆ ಕಡ್ಡಿ ಗೀರುವುದಕ್ಕೆ ನಾನು ಒಪ್ಪುವುದಿಲ್ಲ.

ತರಗೆಲೆ

ಅಷ್ಟು ಒಪ್ಪಿದರೆ ನನ್ನ ಬೇಡಿಕೆ ಮುಗಿಯಿತು.

ಹುಲ್ಲುಗುಡ್ಡ

ಒಳಗಿನ ನಿರ್ವಹಣೆ ಆಯಿತು. ಗಡಿಯ ಮಾತು ಯಾರೂ ಎತ್ತಿಲ್ಲ. ಬಿಸಿ ಏರಿದಂತೆ ಸಸ್ಯ, ಪ್ರಾಣಿ ತಮಗೆ ಒಗ್ಗುವ ತಂಪು ಹುಡುಕಿ ಮೇಲಕ್ಕೆ ಸರಿಯಬೇಕು. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ತಂಪು. ಅಂದರೆ ಒಂದು ಡಿಗ್ರಿ ಬಿಸಿ ಏರಿದರೆ ಅದೇ ಹವೆಗೆ 150 ಮೀಟರ್ ಮೇಲೆ ಹೋಗಬೇಕು. ಗೋಪಾಲಸ್ವಾಮಿ ಬೆಟ್ಟ 1,454 ಮೀಟರಿಗೆ ಮುಗಿಯುತ್ತೆ. ಕುದುರೆಮುಖ ಶಿಖರ 1,900ರ ಒಳಗೆ, ಮುಳ್ಳಯ್ಯನಗಿರಿ ಅದಕ್ಕಿಂತ ಸ್ವಲ್ಪ ಮೇಲೆ. ನೀಲಗಿರಿಯ ದೊಡ್ಡಬೆಟ್ಟಕ್ಕೆ 2,637 ಇದೆ, ನಮಗೆ ಆ ಅವಕಾಶ ಇಲ್ಲ. 1,500 ಮೀಟರಿನ ಮೇಲಿನ ಶೋಲಾ (ಬೆಟ್ಟದ ಮಡಿಲಿನ ಗಿಡ್ಡ ಹಸಿರು ಕಾಡು) ಮತ್ತು ಹುಲ್ಲುಗಾವಲಿನಲ್ಲಿ ಇರುವ ಜೀವಿಗಳಿಗೆ ಎರಡು-ಮೂರು ಡಿಗ್ರಿ ಆಚೆಗೆ ನಿಲ್ಲಲು ನೆಲವೇ ಇಲ್ಲ.

ಇದರಲ್ಲಿ ಮಾಡಬಹುದಾದದ್ದು ಎರಡು. ಇರುವ ಎತ್ತರದ ಹುಲ್ಲುಗಾವಲನ್ನು ಹುಲ್ಲುಗಾವಲಾಗಿಯೇ ಬಿಡುವುದು ಮೊದಲನೆಯದು. ಹಸಿರು ಹೆಚ್ಚಿಸುತ್ತೇವೆ ಅಂತ ಕುದುರೆಮುಖದ ಕಡೆಯ ಗುಡ್ಡಗಳಲ್ಲಿ ಅಕೇಶಿಯಾ ನೆಟ್ಟರು, ಅದು ತಾನೇ ಬಿತ್ತಿಕೊಂಡು ಹರಡುತ್ತಿದೆ. ಮಳೆಗಾಲದಲ್ಲಿ ಎತ್ತರದ ಹುಲ್ಲಿನಲ್ಲೇ ಗೂಡು ಕಟ್ಟುವ ಅಗಲ ಬಾಲದ ಹುಲ್ಲುಹಕ್ಕಿಗೆ ಅಕೇಶಿಯಾ ತೋಪು ಯಾವ ಕೆಲಸಕ್ಕೂ ಬರುವುದಿಲ್ಲ. ಹುಲ್ಲು ತನ್ನ ಇಂಗಾಲವನ್ನು ನೆಲದೊಳಗೆ ಬೇರಿನಲ್ಲಿ ಇಡುತ್ತೆ, ಬೆಂಕಿ ಬಂದರೂ ಅದು ಅಲ್ಲೇ ಉಳಿಯುತ್ತೆ.

ಎರಡನೆಯದು, ತಪ್ಪಲಿನಿಂದ ತುದಿಯವರೆಗೆ ತುಂಡಾಗದ ಕಾಡು. ಬಿಳಿಗಿರಿರಂಗನಬೆಟ್ಟ ಇದಕ್ಕೆ ಒಳ್ಳೆ ಉದಾಹರಣೆ. 540 ಚದರ ಕಿಲೋಮೀಟರಿನಲ್ಲಿ 600ರಿಂದ 1,800 ಮೀಟರ್‌ವರೆಗಿನ ಏರಿಕೆ. ಕೆಳಗೆ ಕುರುಚಲು, ಮೇಲೆ ಶೋಲಾ. ಎಷ್ಟು ಚದರ ಕಿಲೋಮೀಟರ್ ಅನ್ನೋದಕ್ಕಿಂತ ಎಷ್ಟು ಬಗೆಯ ಹವೆ ಒಂದೇ ಬೇಲಿಯೊಳಗಿದೆ ಅನ್ನೋದು ಮುಖ್ಯ. 2022ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ದೇಶಗಳೆಲ್ಲ ಒಪ್ಪಿದ್ದು 2030ಕ್ಕೆ ಭೂಮಿಯ ಶೇ 30 ಸಂರಕ್ಷಣೆ. ಬರೀ ಶೇಕಡಾ ತುಂಬಿಸಲು ಹೊರಟರೆ ಯಾರಿಗೂ ಬೇಡದ ಒಂದೇ ಬಗೆಯ ನೆಲ ಸೇರಿಸಿ ಲೆಕ್ಕ ಮುಗಿಸುತ್ತಾರೆ ಅನ್ನೋ ಭಯ ನನಗಿದೆ.

ಗುಂಡ್ಲುಪೇಟೆ ಸೀಮೆ

ಯಾರಿಗೂ ಬೇಡದ ನೆಲ ಅಂತ ಒಂದು ಇಲ್ಲ ಹುಲ್ಲುಗುಡ್ಡದವರೇ. ಪ್ರತಿ ತುಂಡಿನಲ್ಲೂ ಯಾರದ್ದೋ ದನ ಮೇಯುತ್ತೆ, ಯಾರೋ ಸೌದೆ ತರ್ತಾರೆ. ಇಷ್ಟು ಹೊತ್ತು ಕಾಡಂಚಿನ ಊರುಗಳು ನಿಮ್ಮೆಲ್ಲರ ಮಾತಿನಲ್ಲಿ ಬಂದದ್ದು ಆನೆ ನುಗ್ಗುವ ಜಾಗವಾಗಿ ಮಾತ್ರ.

ಬಂಡೀಪುರದ ಉತ್ತರದ ಅಂಚು ಮಳೆ ನೆರಳಿನ ಸೀಮೆ. ಬರ ಬಂದರೆ ಮೊದಲು ಹೋಗೋದು ರೈತನ ಬೆಳೆ. ಬೆಳೆ ಹೋದ ವರ್ಷ ದನವೇ ಆಸರೆ, ದನಕ್ಕೆ ಮೇವು ಕಾಡಿನಲ್ಲೇ. ಗುಂಡ್ಲುಪೇಟೆ ಕಡೆಯಿಂದ ಸಗಣಿ ಗೊಬ್ಬರ ಲಾರಿ ತುಂಬ ಕೇರಳದ ತೋಟಗಳಿಗೆ ಹೋಗುತ್ತಿದ್ದದ್ದು ಈ ಸೀಮೆಯವರಿಗೆಲ್ಲ ಗೊತ್ತು. ಹಾಲು ಕೊಡದ ದನವನ್ನೂ ಸಾಕೋದು ಅದಕ್ಕೇ. ಅಂದರೆ ಕಾಡಿನ ಹುಲ್ಲು ಗೊಬ್ಬರವಾಗಿ ಬೆಟ್ಟದಾಚೆ ಹೋಗುತ್ತೆ. ಈ ಆದಾಯಕ್ಕೆ ಬದಲಿ ತೋರಿಸದೆ ಬೇಲಿ ಹಾಕಿದರೆ ಬೇಲಿ ಉಳಿಯಲ್ಲ. ಬೆಂಕಿ ಹಚ್ಚುವುದು ಎಲ್ಲಿ ಹೆಚ್ಚು ಅಂತ ನೋಡಿ: ದನ ಬಿಡಬೇಡಿ ಅಂತ ಜಗಳ ಆದ ಕಡೆ.

ಆನೆ ಕಂದಕದ ಬಗ್ಗೆಯೂ ಹೇಳಬೇಕು. ಮೂರು ಮೀಟರ್ ಅಗಲ, ಮೂರು ಮೀಟರ್ ಆಳ ತೋಡ್ತಾರೆ. ಹಳ್ಳ ಅಡ್ಡ ಬಂದ ಕಡೆ ಏನು ಮಾಡ್ತಾರೆ? ಏನೂ ಇಲ್ಲ. ಮಳೆ ಜೋರಾದಾಗ ಕಾಡಿನಿಂದ ಬರೋ ನೀರೆಲ್ಲ ಕಂದಕಕ್ಕೆ ಬಿದ್ದು ಉದ್ದಕ್ಕೂ ಹರಿದು ಎಲ್ಲೋ ಒಂದು ಕಡೆ ದಡ ಕೊರೆದು ಹೊಲಕ್ಕೆ ನುಗ್ಗುತ್ತೆ. ಕೆಳಗಿನ ಊರ ಕೆರೆಗೆ ಬರಬೇಕಾದ ನೀರು ಬರಲ್ಲ. ಎರಡು ಮಳೆಗಾಲಕ್ಕೆ ಮಣ್ಣು ಕುಸಿದು ಕಂದಕ ಅರ್ಧ ತುಂಬಿರುತ್ತೆ, ಆನೆ ದಾಟಲು ಅಷ್ಟು ಸಾಕು. ಮಳೆ ಹೀಗೇ ಒಮ್ಮೆಲೇ ಸುರಿಯೋದು ಹೆಚ್ಚಾದರೆ ಕಂದಕ ಅನ್ನೋದು ಮಣ್ಣು ಕೊಚ್ಚಿಹೋಗೋ ಕಾಲುವೆ ಆಗುತ್ತೆ.

ಆನೆದಾರಿ

ಕಂದಕದ ವಿಷಯ ನೂರಕ್ಕೆ ನೂರು ನಿಜ. ಹಳ್ಳ ದಾಟುವ ಪ್ರತಿ ಜಾಗದಲ್ಲೂ ಕಂದಕ ನಿಲ್ಲಿಸಿ, ನೀರು ಹರಿಯಲು ಬಿಟ್ಟು ಎರಡೂ ಬದಿ ಕಲ್ಲು ಕಟ್ಟಿ, ಆ ಸಂದಿಗೆ ಮಾತ್ರ ರೈಲು ಕಂಬಿಯ ತಡೆ ಹಾಕಬೇಕು. ಖರ್ಚು ಹೆಚ್ಚು. ಆದರೆ ಪ್ರತಿ ಎರಡು ವರ್ಷಕ್ಕೊಮ್ಮೆ ಜೆಸಿಬಿ ತಂದು ಹೂಳೆತ್ತುವುದಕ್ಕೆ ಹೋಲಿಸಿದರೆ ಉಳಿತಾಯ.

ರೈಲು ಕಂಬಿ ಊರಂಚಿಗೆ ಸರಿ, ಆನೆದಾರಿಗೆ ಅಡ್ಡ ಬಂದರೆ ವಿಷ. ಬಂಡೀಪುರದಿಂದ ಮೋಯಾರ್ ಕಣಿವೆಗೆ ಇಳಿಯುವ ಕಣಿಯನಪುರ, ಬಿಳಿಗಿರಿರಂಗನಬೆಟ್ಟದಿಂದ ಸತ್ಯಮಂಗಲದ ಕಡೆಗೆ ಪುಣಜೂರು, ಮಲೆಮಹದೇಶ್ವರದ ಕಡೆಗೆ ಎಡೆಯಾರಹಳ್ಳಿ: ಈ ಮೂರು ಕಿರಿದಾದ ಕೊಂಡಿಗಳು ತೆರೆದಿದ್ದರೆ ಮಾತ್ರ ನಾಗರಹೊಳೆಯ ತೇವದ ಕಾಡಿನಿಂದ ಪೂರ್ವದ ಒಣ ಕುರುಚಲಿನವರೆಗೆ ಒಂದೇ ಕಾಡು. ಒಂದು ಕಡೆ ಮಳೆ ಕೈಕೊಟ್ಟ ವರ್ಷ ಇನ್ನೊಂದು ಕಡೆ ಬಿದ್ದಿರಬಹುದು. ಪ್ರಾಣಿ ಹವಾಮಾನಕ್ಕೆ ಹೊಂದಿಕೊಳ್ಳುವುದು ಅಂದರೆ ಬಹುಮಟ್ಟಿಗೆ ಆ ಮಳೆ ಬಿದ್ದ ಕಡೆಗೆ ನಡೆದು ಹೋಗುವುದು. ಮೂಡಣಕಾಡು ಮತ್ತು ಕಬಿನಿಸೆರಗು ಅವರ ನೀರಿನ ಜಗಳ ಮುಕ್ಕಾಲು ಪಾಲು ಇಲ್ಲೇ ತೀರುತ್ತೆ.

ಕೊಂಡಿ ಕಾಯುವುದಕ್ಕೆ ಇಡೀ ಊರು ಎಬ್ಬಿಸಬೇಕಿಲ್ಲ. ಅಲ್ಲಿ ಹೊಲ ಇರಲಿ. ಭೂಪರಿವರ್ತನೆ ಕೊಡಬಾರದು, ಅಂದರೆ ಹೊಲ ರೆಸಾರ್ಟ್ ಆಗಬಾರದು. ರಾತ್ರಿ ದೀಪ, ಸದ್ದು, ಅಡ್ಡಬೇಲಿ ಇರಬಾರದು. ಬಂಡೀಪುರದೊಳಗಿನ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ನಿಲ್ಲಿಸಿದ್ದು ಹವಾಮಾನದ ಹೆಸರಿನಲ್ಲಿ ಅಲ್ಲ, ಆದರೆ ಈ ಕಾಡಿಗೆ ಅದಕ್ಕಿಂತ ಅಗ್ಗದ, ಅದಕ್ಕಿಂತ ಫಲ ಕೊಟ್ಟ ಕ್ರಮ ನನಗೆ ಕಾಣುವುದಿಲ್ಲ. ಆ ನಿಷೇಧ ತೆಗೆಯಿರಿ ಅನ್ನೋ ಒತ್ತಡ ಬಂದಾಗಲೆಲ್ಲ ವಿರೋಧಿಸಬೇಕು.

ಗುಂಡ್ಲುಪೇಟೆ ಸೀಮೆ

ಭೂಪರಿವರ್ತನೆ ಬೇಡ ಅಂದ್ರಿ. ಆ ಹೊಲದ ಬೆಲೆ ಅಲ್ಲಿಗೆ ಬಿತ್ತು. ರೆಸಾರ್ಟಿನವರು ಕೊಡೋ ದುಡ್ಡು ಬಿಟ್ಟುಕೊಟ್ಟು, ಆನೆ ತುಳಿದ ಬೆಳೆಗೆ ಪರಿಹಾರಕ್ಕೆ ಓಡಾಡಿಕೊಂಡು ರೈತ ಯಾಕೆ ಕೂರಬೇಕು? ಆನೆದಾರಿಯಲ್ಲಿರೋ ಹೊಲಕ್ಕೆ ಎಕರೆಗೆ ಇಷ್ಟು ಅಂತ ವರ್ಷಾವರ್ಷ ಗುತ್ತಿಗೆ ಹಣ ಕೊಡಲಿ, ಬೆಳೆ ಹಾನಿಯಾದ ಮೇಲೆ ಪರಿಹಾರ ಅನ್ನೋ ಪದ್ಧತಿ ಬಿಡಲಿ. ಸಫಾರಿ ದುಡ್ಡಿನಲ್ಲಿ ಒಂದು ಪಾಲು ಸಾಕು.

ಆನೆದಾರಿ

ಗುತ್ತಿಗೆ ಹಣದ ಯೋಚನೆಯನ್ನು ಪೂರ್ತಿ ಬೆಂಬಲಿಸುತ್ತೇನೆ. ಒಂದೇ ಷರತ್ತು: ಅಲ್ಲಿ ಬಾಳೆ, ಕಬ್ಬು ಬೇಡ. ಆನೆಯನ್ನು ದಾರಿಯಲ್ಲೇ ನಿಲ್ಲಿಸುವ ಬೆಳೆ ಹಾಕಿದರೆ ರೈತನಿಗೂ ಕಷ್ಟ, ಆನೆಗೂ ಕಷ್ಟ.

ಹೊಳೆಸಾಲು

ನೀರಿನ ಬಗ್ಗೆ ಒಂದು ವಿಷಯ ಸೇರಿಸಲೇಬೇಕು, ಯಾಕಂದ್ರೆ ಕಾಡು ಉಳಿಸಿದರೆ ಹೊಳೆಯಲ್ಲಿ ನೀರು ಹೆಚ್ಚುತ್ತೆ ಅಂತ ಎಲ್ಲರೂ ಲೆಕ್ಕವಿಲ್ಲದೆ ಹೇಳುತ್ತಾರೆ. ಮರ ನೀರು ಕುಡಿಯುತ್ತೆ. ಒಟ್ಟು ನೀರು ಹೆಚ್ಚುತ್ತೆ ಅಂತ ಭಾವಿಸಬಾರದು. ಹಳೆ ಕಾಡಿನ ಮಣ್ಣು ಬೇರು, ಗೆದ್ದಲು, ತರಗಿನಿಂದ ಸಡಿಲವಾಗಿರುವುದರಿಂದ ಜೋರು ಮಳೆಯನ್ನೂ ಒಳಗೆ ಬಿಟ್ಟುಕೊಳ್ಳುತ್ತೆ. ಹೀಗೆ ಇಂಗಿದ್ದು ಮರ ಕುಡಿದದ್ದಕ್ಕಿಂತ ಹೆಚ್ಚಿದ್ದರೆ ಬೇಸಿಗೆಯಲ್ಲಿ ಹಳ್ಳ ಹರಿಯುತ್ತೆ. ಉತ್ತರ ಕನ್ನಡದಲ್ಲಿ ಹಳೆ ಕಾಡು, ಹಾಳುಬಿದ್ದ ಗುಡ್ಡ, ಅಕೇಶಿಯಾ ತೋಪು ಮೂರನ್ನೂ ಅಕ್ಕಪಕ್ಕ ಅಳೆದಾಗ ನೆಲಕ್ಕೆ ನೀರಿಳಿಸುವುದರಲ್ಲಿ ಹಳೆ ಕಾಡೇ ಮುಂದೆ ಇತ್ತು. ತೋಪು ನೀರನ್ನು ಕುಡಿಯುವುದಂತೂ ಕುಡಿಯುತ್ತೆ, ಆದರೆ ಅದರ ಕೆಳಗೆ ದನ ತುಳಿದು ಗಟ್ಟಿಯಾದ ಮಣ್ಣು ಸಡಿಲಾಗುವುದಕ್ಕೆ ದಶಕಗಳು ಬೇಕು.

ಇದರಿಂದ ಬರುವ ಎಚ್ಚರಿಕೆ: ಕಾಡಿನೊಳಗಿನ ಕಡಿದಾದ ಇಳಿಜಾರಿನಲ್ಲಿ ಇಂಗುಗುಂಡಿ ತೋಡಬಾರದು. ಕೊಡಗಿನಂಥ ದಪ್ಪ ಮಣ್ಣಿನ ಬೆಟ್ಟದಲ್ಲಿ ಅತಿಮಳೆಯ ದಿನ ಗುಂಡಿಗಳ ನೀರು ಮಣ್ಣು ಮತ್ತು ಬಂಡೆ ಸೇರುವ ಪದರಕ್ಕೆ ಇಳಿದು ಗುಡ್ಡವನ್ನೇ ಜಾರಿಸಬಲ್ಲದು. ಬಯಲುಸೀಮೆಯ ನೀರಿಂಗಿಸುವ ಪಾಠ ಅಲ್ಲಿ ನಡೆಯುವುದಿಲ್ಲ.

ಕಬಿನಿಸೆರಗು

ಉಪಯುಕ್ತ ಮಾತು. ತರಗೆಲೆ, ಬಿಳಿಗಿರಿ ಪೋಡು, ಇಬ್ಬರಿಗೂ ಒಂದು ಪ್ರಶ್ನೆ. ಲಂಟಾನ ತೆಗೆಯೋಕೆ ಕೋಟಿಗಟ್ಟಲೆ ಖರ್ಚಾಗುತ್ತೆ, ಮೂರು ವರ್ಷಕ್ಕೆ ಅದೇ ಜಾಗದಲ್ಲಿ ಮತ್ತೆ ನಿಂತಿರುತ್ತೆ. ಎಲ್ಲಿ ತಪ್ಪುತ್ತಿದ್ದಾರೆ?

ತರಗೆಲೆ

ಮಚ್ಚಿನಲ್ಲಿ ಕಡಿಯುವುದರಲ್ಲಿ. ಮೇಲೆ ಕಡಿದರೆ ಒಂದು ಕಾಂಡದ ಜಾಗದಲ್ಲಿ ಹತ್ತು ಚಿಗುರುತ್ತೆ. ಜೆಸಿಬಿಯಲ್ಲಿ ಕಿತ್ತರೆ ಮಣ್ಣೆಲ್ಲ ಬುಡಮೇಲಾಗಿ ಅದರಲ್ಲಿ ಮಲಗಿದ್ದ ಬೀಜ ಮೊಳೆಯುತ್ತೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರ ತಂಡ ರೂಪಿಸಿದ ವಿಧಾನ ಈಗ ಹಲವು ಹುಲಿ ಕಾಡುಗಳಲ್ಲಿ ಬಳಕೆಯಲ್ಲಿದೆ. ಪೊದೆಯ ನಡುವಿನ ತಾಯಿಬೇರನ್ನು ಹುಡುಕಿ, ನೆಲದಿಂದ ಮೂರರಿಂದ ಐದು ಸೆಂಟಿಮೀಟರ್ ಕೆಳಗೆ ಪಿಕಾಸಿಯಿಂದ ಕತ್ತರಿಸಬೇಕು. ಚಿಗುರುವ ಶಕ್ತಿ ಇರುವುದು ಕಾಂಡ ಮತ್ತು ಬೇರು ಕೂಡುವ ಆ ಗಂಟಿನಲ್ಲಿ. ಅದು ಪೊದೆಯ ಜೊತೆ ಮೇಲೆ ಬರಬೇಕು. ಆಮೇಲೆ ಇಡೀ ಪೊದೆಯನ್ನು ಎತ್ತಿ ಬೇರು ಮೇಲೆ ಮಾಡಿ ತಲೆಕೆಳಗಾಗಿ ಇಟ್ಟರೆ ಬಿಸಿಲಿಗೆ ಒಣಗಿ ಸಾಯುತ್ತೆ. ಕಾಯಿ ಕಟ್ಟುವ ಮುಂಚೆ ಮಾಡಿದರೆ ಬೀಜ ಉದುರುವುದಿಲ್ಲ.

ಇಷ್ಟಾದರೂ ಕೆಲಸ ಅರ್ಧ. ಪಿಕಳಾರದಂಥ ಹಕ್ಕಿ ಹಣ್ಣು ತಿಂದು ಮರದ ಮೇಲೆ ಕೂತು ಹಿಕ್ಕೆ ಹಾಕುತ್ತೆ, ಹಾಗಾಗಿ ಹೊಸ ಸಸಿಗಳು ಒಂಟಿಮರಗಳ ಕೆಳಗೆ ಮತ್ತು ಹಳ್ಳದ ಬದಿಯಲ್ಲಿ ಬರುತ್ತವೆ. ಮಳೆ ಬಿದ್ದು ನೆಲ ಮೆತ್ತಗಿರುವಾಗ ಆ ಜಾಗಗಳಿಗೇ ಹೋಗಿ ಕೈಯಲ್ಲಿ ಕಿತ್ತರೆ ಸಾಕು, ಇಡೀ ಕಾಡು ಹುಡುಕಬೇಕಿಲ್ಲ. ಎರಡು-ಮೂರು ಮಳೆಗಾಲ ಬಿಡದೆ ಮಾಡಬೇಕು. ಟೆಂಡರ್ ಇರುವುದು ಒಂದು ವರ್ಷಕ್ಕೆ. ನೀವು ಕೇಳಿದ ತಪ್ಪು ಅಲ್ಲಿದೆ.

ಬಿಳಿಗಿರಿ ಪೋಡು

ಖಾಲಿ ಬಿಡಬಾರದು ಅನ್ನೋದನ್ನೂ ಸೇರಿಸಿ. ಲಂಟಾನ ತೆಗೆದ ನೆಲ ಬರಿದಾಗಿದ್ದರೆ ಯುಪಟೋರಿಯಂ ಬರುತ್ತೆ, ಪಾರ್ಥೇನಿಯಂ ಬರುತ್ತೆ, ಬಂಡೀಪುರ-ನಾಗರಹೊಳೆ ಕಡೆ ಹಳದಿ ಹೂವಿನ ಸೆನ್ನಾ ಬರುತ್ತೆ. ಹುಲ್ಲಿನ ಬೀಜ ಡಿಸೆಂಬರ್-ಜನವರಿಯಲ್ಲಿ ಹಣ್ಣಾಗುತ್ತೆ, ಹತ್ತಿರದ ಹುಲ್ಲುಗಾವಲಿನಲ್ಲೇ ಕೊಯ್ದಿಟ್ಟುಕೊಂಡು ಮೇ ತಿಂಗಳ ಮೊದಲ ಮಳೆಗೆ ಚೆಲ್ಲಬೇಕು. ದೂರದ ಬೀಜ ತರಬಾರದು. ಬೀಜ ಹಿಡಿಯದ ಕಡೆ ಜೂನಿನಲ್ಲಿ ಹುಲ್ಲಿನ ಬುಡವನ್ನು ಬೇರುಸಮೇತ ಬಿಡಿಸಿ ಮೊಳಕ್ಕೊಂದು ನೆಟ್ಟರೆ ಬೇಗ ಹರಡುತ್ತೆ. ಮೊದಲ ವರ್ಷ ಜಿಂಕೆ ಅದನ್ನು ಕಿತ್ತು ತಿನ್ನುತ್ತೆ, ಅದಕ್ಕೆ ತೆಗೆದ ಲಂಟಾನದ ಒಣ ಪೊದೆಯನ್ನೇ ಸುತ್ತ ಬೇಲಿಯಾಗಿ ಇಡಬಹುದು. ಮುಂದಿನ ಬೆಂಕಿ ಕಾಲಕ್ಕೆ ಮುಂಚೆ, ಡಿಸೆಂಬರಿನೊಳಗೆ, ಆ ಒಣ ಬೇಲಿಯನ್ನು ಅಲ್ಲಿಂದ ಎತ್ತಿಬಿಡಬೇಕು.

ಬೆಂಕಿರೇಖೆ

ಡಿಸೆಂಬರ್ ಅಲ್ಲ, ನವೆಂಬರ್ ಕೊನೆಯೊಳಗೆ ಎತ್ತಿಸಿ. ಮಳೆ ಬೇಗ ನಿಂತ ವರ್ಷ ಹುಲ್ಲು ತಿಂಗಳು ಮುಂಚೆಯೇ ಒಣಗುತ್ತೆ. ಎತ್ತಿದ್ದನ್ನು ರೇಖೆಯ ಪಕ್ಕ ರಾಶಿ ಹಾಕಬೇಡಿ. ಬುಟ್ಟಿ, ಕುರ್ಚಿ ಮಾಡುವವರಿಗೆ ಬೇಕಾದ ಉದ್ದ ಕಡ್ಡಿ ಆರಿಸಿಕೊಂಡು, ಉಳಿದದ್ದನ್ನು ಬಯಲಿನಲ್ಲಿ ಸಣ್ಣ ಸಣ್ಣ ಗುಡ್ಡೆ ಮಾಡಿ ಜನವರಿಯ ಬೆಳಗಿನ ಹೊತ್ತು ಸುಟ್ಟುಬಿಡಿ.